ಗುತ್ತುಮನೆಯ ಚರಿತ್ರೆ: ಯಜಮಾನರ ಪಟ್ಟಿ ಸಾಕೇ?

ಪಡುಚಾವಡಿ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ದಕ್ಷಿಣ ಭಾಗದಲ್ಲಿರುವ ನಮ್ಮ ತರವಾಡು ಮನೆಯ (ಕುಟುಂಬದ ಮೂಲಮನೆಯ) ಜೀರ್ಣೋದ್ಧಾರಕ್ಕೆ ಕುಟುಂಬದವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ದೈವದ ಪುನಃಪ್ರತಿಷ್ಠೆಯ ದಿನ ಮನೆಯ ಚರಿತ್ರೆಯನ್ನು ಒಂದು ಪುಸ್ತಿಕೆಯಾಗಿ ಹೊರತರಬೇಕೆಂದು ಹಿರಿಯರ ಅಪೇಕ್ಷೆ. ಓದುಬರಹದವನೆಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಈವರೆಗೆ ಕೈಗೆ ಸಿಕ್ಕಿರುವುದು ಗುತ್ತಿನ (ಊರಿನ ಮುಂದಾಳು ಮನೆತನದ) ಗಡಿ ಹಿಡಿದ, ಎಂದರೆ ಯಜಮಾನಿಕೆಯ ಪಟ್ಟವೇರಿದ, ಏಳು ಮಂದಿಯ ಹೆಸರುಗಳು, ಮಾಡಿನ (ಛಾವಣಿಯ) ಹೆಂಚುಗಳ ಮೇಲಿರುವ 1865 ಎಂಬ ಇಸವಿ, ಮತ್ತು ಮೊದಲನೆಯ ಯಜಮಾನರೇ ಉಪ್ಪರಿಗೆಯ ಮನೆಯನ್ನು ಕಟ್ಟಿಸಿದರೆಂಬ ಬಾಯಿಮಾತು. ನಮ್ಮದು ಅಳಿಯಕಟ್ಟಿನ, ಎಂದರೆ ತಾಯಿಯ ಸಾಲಿನಲ್ಲಿ ಹಕ್ಕು ಇಳಿಯುವ, ಕುಟುಂಬವಾದ್ದರಿಂದ ಒಬ್ಬ ಯಜಮಾನರು ತೀರಿದ ಮೇಲೆ ಬಂದವರು ಅವರ ಮಗನಲ್ಲ, ತಮ್ಮನೋ ಅಳಿಯನೋ (ಅಕ್ಕತಂಗಿಯರ ಮಗನೋ) ಆಗಿರುತ್ತಾರೆ. ಹಾಗಾಗಿ ಏಳು ಹೆಸರುಗಳನ್ನು ಒಂದರ ಕೆಳಗೊಂದು ಬರೆದರೂ ಅದು ವಂಶವೃಕ್ಷವಾಗುತ್ತಿಲ್ಲ. ಮನೆಯ ಕಾಲವನ್ನು ನಿರ್ಣಯಿಸುವುದು ಹೇಗೆ, ತಲೆಮಾರುಗಳನ್ನು ಜೋಡಿಸುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಹಳೇ ಹೆಂಚು:

ಮೊದಲು ಹೆಂಚಿನ ವಿಷಯ. 1865 ಎಂದು ಅಚ್ಚಾಗಿದ್ದ ಮಾತ್ರಕ್ಕೆ ಮನೆ 1865ರದ್ದಾಗುವುದಿಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ತಮ್ಮ ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದ ವರ್ಷ ಅದು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ಅದನ್ನು ಆರಂಭಿಸಿದರು. ಕಾರ್ಖಾನೆಯ ಹೆಸರಿನ ಜೊತೆ ಸ್ಥಾಪನೆಯ ಇಸವಿಯನ್ನೂ ಅಚ್ಚಿನಲ್ಲಿ ಸೇರಿಸುತ್ತಿದ್ದುದರಿಂದ ಎಷ್ಟೋ ವರ್ಷಗಳ ನಂತರ ಸುಟ್ಟ ಹೆಂಚಿನ ಮೇಲೂ ಅದೇ ಇಸವಿ ಕಾಣುತ್ತದೆ. ಕರಾವಳಿಯ ಮನೆತನದ ಪುಸ್ತಿಕೆಗಳಲ್ಲಿ ಈ ಗೊಂದಲವನ್ನು ಪದೇಪದೇ ಕಂಡಿದ್ದೇನೆ.

ಇಸವಿಯ ಬದಲು ಕಂಪನಿಯ ಹೆಸರನ್ನು ಓದಿರಿ. ಮೊದಲನೆಯ ಮಹಾಯುದ್ಧದ ಸಂದರ್ಭದಲ್ಲಿ ಬ್ರಿಟಿಷ್ ಸರಕಾರ ಮಿಶನ್‌ನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಆದ್ದರಿಂದ ಕಾಮನ್‌ವೆಲ್ತ್ ಎಂಬ ಮುದ್ರೆಯಿದ್ದರೆ ಆ ಹೆಂಚು ಯುದ್ಧಾನಂತರದ್ದೆಂದು ಧೈರ್ಯವಾಗಿ ಬರೆಯಬಹುದು. ಆದರೂ ಅದು ಮಾಡಿನ ವಯಸ್ಸೇ ಹೊರತು ಗೋಡೆಯ ವಯಸ್ಸಲ್ಲ. ನಮ್ಮ ಮಳೆಗೆ ಹೆಂಚು ಒಡೆಯುತ್ತಲೇ ಇರುತ್ತದೆ, ಒಡೆದಲ್ಲಿಗೆ ಸಿಕ್ಕಿದ ಹೆಂಚನ್ನು ತಂದು ಹೊದಿಸುತ್ತಲೇ ಇರುತ್ತಾರೆ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಗಳ ಮುದ್ರೆ ಸಿಕ್ಕಿದರೆ ಆಶ್ಚರ್ಯಪಡಬೇಡಿ.

ಹೆಂಚು ಬರುವ ಮೊದಲು ಈ ಮನೆಗಳಿಗೆ ಹುಲ್ಲಿನ ಮಾಡು ಇತ್ತು. ಮುಳಿಹುಲ್ಲಿನ ಮಾಡಿಗೆ ಇಳಿಜಾರು ಹೆಚ್ಚು ಬೇಕು. ಹೆಂಚಿಗೆ ಪಕ್ಕಾಸು ಮತ್ತು ರೀಪುಗಳ ಅಳತೆ ಕರಾರುವಾಕ್ಕಾಗಿರಬೇಕು. ಹುಲ್ಲಿನಿಂದ ಹೆಂಚಿಗೆ ಬದಲಾದ ಮನೆಯಲ್ಲಿ ಗೋಡೆಯ ತಲೆಭಾಗದಲ್ಲಿ ಆ ಬದಲಾವಣೆಯ ಗುರುತು ಎಲ್ಲಾದರೂ ಉಳಿದಿರುತ್ತದೆ. ಹಲಸಿನ ಕಂಬಗಳನ್ನೂ ತೊಲೆಗಳನ್ನೂ ನೋಡಿರಿ: ಯಾವ ಕೂಡಿಕೆಗೂ ಸೇರದ ಖಾಲಿ ಗುಳಿಗಳು ಇದ್ದರೆ ಆ ಮರ ಮೊದಲು ಬೇರೆ ಕಟ್ಟಡದಲ್ಲಿತ್ತು, ಅಥವಾ ಇದೇ ಮನೆಯ ಬೇರೆ ಜಾಗದಲ್ಲಿತ್ತು ಎಂದರ್ಥ. ಚಾವಡಿ, ಒಳಗಿನ ಅಂಗಳ, ದೈವದ ಕೋಣೆ, ಉಪ್ಪರಿಗೆ ಇವೆಲ್ಲ ಒಂದೇ ಯಜಮಾನರ ಕಾಲದಲ್ಲಿ ಎದ್ದವೆಂಬ ಮಾತನ್ನು ನಾನಂತೂ ನಂಬುವುದಿಲ್ಲ. ಮುಚ್ಚಿಗೆಯನ್ನು ಬಿಚ್ಚುವ ಮೊದಲು, ದಯಮಾಡಿ, ಪ್ರತಿಯೊಂದು ಕೂಡಿಕೆಯ ಛಾಯಾಚಿತ್ರ ತೆಗೆದಿಡಿ. ಆಚಾರಿಗಳು ಮರವನ್ನು ಕೆಳಗಿಳಿಸಿದ ಮೇಲೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ.

ಕಡತದ ಕಪಾಟು:

ನಾನು ವಕೀಲಿ ವೃತ್ತಿಯಿಂದ ನಿವೃತ್ತನಾದವನು. ಅಳಿಯಸಂತಾನದ (ಅಳಿಯಕಟ್ಟಿಗೆ ಕಾನೂನಿನಲ್ಲಿರುವ ಹೆಸರು) ಪಾಲಿನ ವ್ಯಾಜ್ಯಗಳನ್ನು ಬಹಳ ಕಾಲ ನೋಡಿದ್ದೇನೆ. ಪಡುಚಾವಡಿಯವರ ಎರಡನೆಯ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ.

ಯಜಮಾನರ ಪಟ್ಟಿ ವಂಶವೃಕ್ಷವಾಗದಿರುವುದು ಸಹಜ, ಏಕೆಂದರೆ ಅದು ಅಧಿಕಾರದ ಪಟ್ಟಿ. ಅಳಿಯಕಟ್ಟಿನಲ್ಲಿ ಆಸ್ತಿ ಒಬ್ಬ ಮೂಲ ಸ್ತ್ರೀಯಿಂದ ಹೆಣ್ಣುಸಾಲಿನಲ್ಲಿ ಇಳಿದುಬಂದ ಎಲ್ಲರಿಗೂ ಸೇರಿದ್ದು. ಯಜಮಾನ ಅದನ್ನು ನಡೆಸುವವನು ಮಾತ್ರ. ಹಿರಿಯ ಹೆಂಗಸೇ ಯಜಮಾನ್ತಿಯಾಗಿ ಆಡಳಿತ ನಡೆಸಿದ ಕುಟುಂಬಗಳೂ ಇದ್ದವು, ಕಾನೂನು ಅದಕ್ಕೆ ಎಂದೂ ಅಡ್ಡಿಯಾಗಿರಲಿಲ್ಲ. ಈ ಪದ್ಧತಿಯ ಮೂಲಕ್ಕೆ ಭೂತಾಳಪಾಂಡ್ಯನೆಂಬ ಅರಸನ ಕಥೆಯನ್ನು ಹೇಳುತ್ತಾರೆ: ಕುಂಡೋದರನೆಂಬ ಭೂತ ಬಲಿ ಕೇಳಿದಾಗ ಹೆಂಡತಿ ಮಗನನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಮುಂದೊಡ್ಡಿದಳು, ಆದ್ದರಿಂದ ರಾಜ್ಯ ಅಳಿಯನಿಗೆ ಸಂದಿತು. ಪುಸ್ತಿಕೆಯಲ್ಲಿ ಕಥೆಯನ್ನು ಕಥೆಯಾಗಿಯೇ ಕೊಡಿ, ಇತಿಹಾಸವೆಂದು ಇಸವಿ ಹಾಕಬೇಡಿ.

ಈಗ ಕಾಗದಪತ್ರದ ಮಾತು. 1863ರಲ್ಲಿ ಮದ್ರಾಸ್ ಹೈಕೋರ್ಟು ಮುಂಡ ಚೆಟ್ಟಿ ಮತ್ತು ತಿಮ್ಮಜು ಹೆಂಸು ಎಂಬವರ ಮೊಕದ್ದಮೆಯಲ್ಲಿ, ಅಳಿಯಸಂತಾನ ಕುಟುಂಬದ ಸದಸ್ಯನೊಬ್ಬ ಉಳಿದವರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿಲ್ಲವೆಂದು ತೀರ್ಪಿತ್ತಿತು. ಅಲ್ಲಿಂದ 1949ರವರೆಗೆ, ಅಂದರೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಈ ದೊಡ್ಡ ಮನೆಗಳು ಒಡೆಯದೆ ಉಳಿದದ್ದರ ಹಿಂದೆ ಒಗ್ಗಟ್ಟು ಎಷ್ಟಿತ್ತೋ ಈ ತೀರ್ಪೂ ಅಷ್ಟೇ ಇತ್ತೆಂಬುದು ನನ್ನ ಅಭಿಪ್ರಾಯ. ಪಾಲು ಕೇಳಲಾಗದವರು ಸುಮ್ಮನಿರಲಿಲ್ಲ. ಜೀವನಾಂಶಕ್ಕಾಗಿ, ಅಥವಾ ದುರಾಡಳಿತದ ಕಾರಣಕ್ಕೆ ಯಜಮಾನನನ್ನು ತೆಗೆಯಬೇಕೆಂದು ದಾವೆ ಹೂಡಿದರು. ಮಂಗಳೂರು, ಉಡುಪಿ, ಕಾರ್ಕಳ, ಪುತ್ತೂರಿನ ನ್ಯಾಯಾಲಯಗಳಲ್ಲಿ ಅಂಥ ದಾವೆಗಳಿಗೆ ಬರವಿರಲಿಲ್ಲ.

1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದಾಗ ಪಾಲಿನ ಬಾಗಿಲು ತೆರೆಯಿತು. ಕುಟುಂಬದೊಳಗಿನ ಒಂದೊಂದು ಹೆಣ್ಣುಸಾಲಿಗೆ ಕವರು ಎಂಬ ಹೆಸರು. ಕವರಿನ ವಯಸ್ಕ ಸದಸ್ಯರಲ್ಲಿ ಬಹುಮತವಿದ್ದರೆ ಪಾಲು ಕೇಳಬಹುದು, ಪಾಲು ತಲೆಲೆಕ್ಕದಲ್ಲಿ. ಸಂತತಿ ಮುಂದುವರಿಯುವ ಸಾಲಿಗೆ ಪೂರ್ಣ ಹಕ್ಕು. ನಿಸ್ಸಂತತಿ ಕವರಿಗೆ ಜೀವಿತಾವಧಿಯ ಹಕ್ಕು ಮಾತ್ರ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೆಯ ಕಲಮು ಇದರ ಮೇಲೆ ಬಂದು ಕುಳಿತಿತು: ಆ ಕಾಯಿದೆ ಜಾರಿಗೆ ಬಂದ ನಂತರ ತೀರಿಕೊಂಡ ಸದಸ್ಯನ ಅವಿಭಕ್ತ ಪಾಲು ಕುಟುಂಬಕ್ಕೆ ಮರಳದೆ ಅವನ ವಾರಸುದಾರರಿಗೆ, ಎಂದರೆ ಹೆಂಡತಿ ಮಕ್ಕಳಿಗೆ, ಇಳಿಯುತ್ತದೆ. ಆ ಹೆಂಡತಿ ಮಕ್ಕಳು ಬೇರೊಂದು ತರವಾಡಿಗೆ ಸೇರಿದವರು. ಹೀಗೆ ಇನ್ನೊಂದು ಮನೆಯ ಮಕ್ಕಳು ನಿಮ್ಮ ಮನೆಯ ಪಾಲುದಾರರಾದರು. ನಿಮ್ಮ ಏಳನೆಯ ಯಜಮಾನರ ಕಾಲದಲ್ಲಿ ಮನೆಯಲ್ಲಿ ಏನಾದರೂ ಬಿರುಕು ಬಿಟ್ಟಿದ್ದರೆ ಕಾರಣವನ್ನು ಇಲ್ಲಿ ಹುಡುಕಿ.

ನಿಮಗೆ ಬೇಕಾದದ್ದು ಇಂಥ ಯಾವುದಾದರೊಂದು ದಾವೆಯ ವಾದಪತ್ರ. ಪ್ರತಿವಾದಿಗಳ ಹೆಸರಿನ ಜೊತೆ ವಯಸ್ಸು, ತಾಯಿಯ ಹೆಸರು, ಪರಸ್ಪರ ಸಂಬಂಧ ಎಲ್ಲವೂ ಅದರಲ್ಲಿರುತ್ತದೆ. ಪಾಲಿನ ದಾವೆಯಾದರೆ ವಂಶಾವಳಿಯನ್ನೇ ಲಗತ್ತಿಸಿರುತ್ತಾರೆ. ಜಗಳವಾಡಿದ ಕುಟುಂಬದ ಚರಿತ್ರೆ ಬರೆಯುವುದು ಜಗಳವಾಡದ ಕುಟುಂಬದ್ದಕ್ಕಿಂತ ಬಹಳ ಸುಲಭ.

ಮೂಡುದಿಕ್ಕಿನ ಓದುಗಿ:

ಕಪಾಟಿನವರು ಹೇಳಿದ ಮೂಲ ಸ್ತ್ರೀಯ ಮಾತನ್ನು ಇನ್ನಷ್ಟು ಮುಂದಕ್ಕೆ ಒಯ್ಯಬೇಕೆನಿಸಿತು. ಪಡುಚಾವಡಿಯವರೇ, ತಮ್ಮ ಪಟ್ಟಿಯಲ್ಲಿ ಏಳು ಗಂಡಸರಿದ್ದಾರೆ, ಒಬ್ಬ ಹೆಂಗಸೂ ಇಲ್ಲ. ಅಳಿಯಕಟ್ಟಿನ ಮನೆಯ ಚರಿತ್ರೆಯನ್ನು ಹೀಗೆ ಬರೆದರೆ ಗುತ್ತಿನ ಬಾಗಿಲಿನಿಂದ ಬಂದುಹೋದವರನ್ನೆಲ್ಲ ಲೆಕ್ಕ ಹಾಕಿ, ಅಲ್ಲೇ ಇದ್ದವರನ್ನು ಬಿಟ್ಟಂತಾಗುತ್ತದೆ. ಯಜಮಾನ ಮಾವನಿಗೂ ಗಡಿ ಹಿಡಿದ ಅಳಿಯನಿಗೂ ನಡುವೆ ಒಬ್ಬ ತಂಗಿ ಅಥವಾ ಅಕ್ಕ ಇದ್ದೇ ಇರುತ್ತಾಳೆ. ಆಕೆ ಇಲ್ಲದೆ ಆ ಇಬ್ಬರಿಗೂ ಸಂಬಂಧವೇ ಇಲ್ಲ.

ಯಜಮಾನರ ಹೆಂಡತಿಯರ ಪಾಡು ಬೇರೆಯೇ. ಅವರು ಗಂಡನ ಮನೆಯಲ್ಲಿ ಎಷ್ಟು ವರ್ಷ ಅಧಿಕಾರದಿಂದ ಬಾಳಿದರೂ ಗಂಡ ತೀರಿದ ಮೇಲೆ ಮಕ್ಕಳೊಂದಿಗೆ ತಮ್ಮ ತರವಾಡಿಗೆ ಮರಳುತ್ತಿದ್ದರು. ನನ್ನ ಅಜ್ಜಿಯ ತಾಯಿ ಹಾಗೆ ಮರಳಿದವರು. ಅವರು ಇದ್ದ ಮನೆಯ ಯಾವ ಪುಸ್ತಿಕೆಯಲ್ಲೂ ಅವರ ಹೆಸರಿಲ್ಲ, ಹೊಸ ಅಡುಗೆಕೋಣೆಯನ್ನು ಅವರು ನಿಂತು ಕಟ್ಟಿಸಿದ್ದೆಂದು ನಮ್ಮಲ್ಲಿ ಹೇಳುತ್ತಾರೆ.

ಹೆಂಗಸರ ಹೆಸರು ಹುಡುಕುವ ದಾರಿ ಇದೆ. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದರಿಂದ ಹೆರಿಗೆಗಳು ತರವಾಡು ಮನೆಯಲ್ಲೇ ಆಗುತ್ತಿದ್ದವು. ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಯಜಮಾನರ ಸಾಹಸಗಳನ್ನು ಕೇಳಬೇಡಿ. ಬಾಣಂತಿ ಕೋಣೆಯಲ್ಲಿ ಯಾರ್ಯಾರ ಹೆರಿಗೆಯಾಯಿತು, ಯಾವ ವರ್ಷ, ಯಾವ ಬೆಳೆಯ ಹೊತ್ತಿಗೆ ಎಂದು ಕೇಳಿ. ಏಣಿಲೋ ಸುಗ್ಗಿಯೋ ಎಂಬುದು ಇಸವಿಗಿಂತ ಚೆನ್ನಾಗಿ ನೆನಪಿರುತ್ತದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟ ಕಡೆಗಳನ್ನು ಗುರುತು ಹಾಕಿಕೊಳ್ಳಿ. ಒಂದೇ ಹೆಸರು ಎರಡು ತಲೆಮಾರಿಗೊಮ್ಮೆ ಬರುತ್ತಿದ್ದರೆ ಆ ಸಾಲು ಸರಿಯಾಗಿದೆಯೆಂಬುದಕ್ಕೆ ಒಂದು ಆಧಾರವಾಗುತ್ತದೆ. ಹಳೆಯ ಬೋರ್ಡ್ ಶಾಲೆಗಳ ದಾಖಲಾತಿ ಪುಸ್ತಕಗಳನ್ನೂ ನೋಡಿ. ಪೋಷಕರೆಂದು ಮಾವನ ಹೆಸರು ಬರೆಸಿದ್ದಾರೋ ತಂದೆಯ ಹೆಸರು ಬರೆಸಿದ್ದಾರೋ ಎಂಬುದರಿಂದಲೇ ಕಾಲ ಬದಲಾದದ್ದು ತಿಳಿಯುತ್ತದೆ.

ಗೇಣಿ ಮೊಮ್ಮಗ:

ಮನೆಯ ಮರ, ಹೆಂಚು, ವಂಶಾವಳಿ ಎಲ್ಲವೂ ಬಂದವು. ಉಪ್ಪರಿಗೆ ಎದ್ದದ್ದು ಯಾವ ಹಣದಿಂದ ಎಂಬ ಪ್ರಶ್ನೆ ಮಾತ್ರ ಇನ್ನೂ ಬರಲಿಲ್ಲ.

ನನ್ನ ಅಜ್ಜ ಇಂಥದೇ ಒಂದು ಗುತ್ತಿನ ಚಾಲಗೇಣಿ ಒಕ್ಕಲಾಗಿದ್ದವರು. ಚಾಲಗೇಣಿ ಎಂದರೆ ಧಣಿ ಏಳೆಂದರೆ ಏಳಬೇಕಾದ ಒಕ್ಕಲು. ಮೂಲಗೇಣಿಯವರಿಗಿದ್ದ ಭದ್ರತೆ ಇವರಿಗಿರಲಿಲ್ಲ. ಗೇಣಿ ಅಕ್ಕಿಮುಡಿಯ ಲೆಕ್ಕದಲ್ಲಿ: ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಆ ಮುಡಿಗಳನ್ನು ತಲೆಯ ಮೇಲೆ ಹೊತ್ತು ತಂದು ಗುತ್ತಿನ ಅಂಗಳದಲ್ಲಿ ಇಳಿಸುತ್ತಿದ್ದರು. ಪತ್ತಾಯದ (ಧಾನ್ಯ ತುಂಬಿಡುವ ಮರದ ಕಣಜದ) ಗಾತ್ರವನ್ನು ಈಗ ನೋಡಿದವರು ಕೆತ್ತನೆಯನ್ನು ಮೆಚ್ಚುತ್ತಾರೆ. ನನ್ನ ಅಪ್ಪ ನೋಡಿದಾಗ ಅದು ತುಂಬಲು ಎಷ್ಟು ಮುಡಿ ಬೇಕೆಂದು ಲೆಕ್ಕ ಹಾಕಿದರು.

ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರಕಾರದಲ್ಲಿ ನಿಹಿತವಾದವು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಕೊಡಬೇಕಾಗಿತ್ತು. ನಮ್ಮ ಕಡೆ ಅದನ್ನು ಈಗಲೂ ಡಿಕ್ಲರೇಶನ್ ಕೊಟ್ಟದ್ದು ಎಂದೇ ಹೇಳುತ್ತಾರೆ. ಕೊಡಲು ಹೆದರಿದವರಿದ್ದರು, ದೈವದ ಮುಂದೆ ಆಣೆಗೆ ಸಿಕ್ಕಿ ಕೊಡದವರಿದ್ದರು, ಕೊಟ್ಟು ಧಣಿಯ ಮನೆಯ ಅಂಗಳ ಬಿಟ್ಟವರೂ ಇದ್ದರು. ಆ ಅರ್ಜಿಗಳಲ್ಲಿ ಒಕ್ಕಲಿನ ಹೆಸರು, ಸರ್ವೆ ನಂಬರು, ಎಷ್ಟು ಕಾಲದಿಂದ ಗೇಣಿ ಎಂಬ ವಿವರಗಳಿವೆ; ನ್ಯಾಯಮಂಡಳಿಯ ಮುಂದೆ ಧಣಿಯ ಕಡೆಯವರು ಕೊಟ್ಟ ಹೇಳಿಕೆಗಳೂ ಇವೆ. ಗುತ್ತಿನ ಚರಿತ್ರೆ ಬರೆಯುವವರು ಆ ಕಡತಗಳನ್ನು ತೆರೆಯದೆ ಬರೆಯಬಾರದು. ಒಕ್ಕಲುಗಳಿಗಿಂತ ಕೆಳಗಿದ್ದ ಮೂಲದಾಳುಗಳು (ತಲೆತಲಾಂತರದಿಂದ ಧಣಿಯ ಮನೆಗೆ ಕಟ್ಟುಬಿದ್ದ ಆಳುಗಳು) ಆ ಕಡತಗಳಲ್ಲೂ ಸಿಗುವುದಿಲ್ಲ. ಅವರ ಮನೆತನಗಳ ಹೆಸರು ನೇಮದ (ದೈವದ ಉತ್ಸವದ) ಚಾಕರಿಯ ಪಟ್ಟಿಯಲ್ಲಿ ಮಾತ್ರ ಉಳಿದಿರಬಹುದು: ಯಾರು ಕೊಂಬು ಊದಬೇಕು, ಯಾರು ದೀವಟಿಗೆ ಹಿಡಿಯಬೇಕು, ಯಾರು ಸಿರಿ (ತೆಂಗಿನ ಎಳೆಗರಿ) ತರಬೇಕು ಎಂಬುದರಲ್ಲಿ.

ಕಡಲತಡಿ:

ಗೇಣಿ ಮೊಮ್ಮಗನವರ ಮಾತಿನ ಸತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದು ಕುಟುಂಬದ ಶುಭಕಾರ್ಯದಲ್ಲಿ ಹಂಚುವ ಪುಸ್ತಿಕೆ, ಭೂಸುಧಾರಣೆಯ ಇತಿಹಾಸವಲ್ಲ. ಅದೇ ದಿನ ಹಳೆಯ ಒಕ್ಕಲು ಮನೆಗಳವರೂ ಪ್ರಸಾದಕ್ಕೆ ಬರುತ್ತಾರೆ. ಐವತ್ತು ವರ್ಷ ಹಳೆಯ ಮನಸ್ತಾಪವನ್ನು ಅಂದೇ ಅಚ್ಚುಹಾಕಿ ಅವರ ಕೈಗೆ ಕೊಡುವುದು ಉಚಿತವೇ? ನ್ಯಾಯಾಲಯದ ಜಗಳಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ.

ಗೇಣಿ ಮೊಮ್ಮಗ:

ಅಣ್ಣಾ, ಆ ದಿನ ಪ್ರಸಾದಕ್ಕೆ ಬರುವವರಲ್ಲಿ ನಮ್ಮಂಥವರೂ ಇರುತ್ತೇವೆ, ಪುಸ್ತಿಕೆಯನ್ನು ತೆರೆದು ಓದುತ್ತೇವೆ. ಮನಸ್ತಾಪವನ್ನು ಬರೆಯಿರಿ ಎಂದು ನಾನು ಹೇಳಲಿಲ್ಲ. ಇಂತಿಷ್ಟು ಮನೆಗಳು ಈ ಗುತ್ತಿನ ಗೇಣಿಯಲ್ಲಿದ್ದವು, 1974ರ ನಂತರ ಇಂತಿಷ್ಟು ಜಮೀನು ಅವರ ಹೆಸರಿಗಾಯಿತು ಎಂದು ಎರಡು ಪುಟ ಬರೆದರೆ ಯಾರ ಮನಸ್ಸೂ ಕೆಡುವುದಿಲ್ಲ. ನಮ್ಮ ಹೆಸರೇ ಇಲ್ಲದಿದ್ದರೆ ಕೆಡುತ್ತದೆ.

ಮದಿಪು ಕೇಳಿದವನು:

ಪಟ್ಟಿಯಲ್ಲಿರುವ ಏಳು ಹೆಸರುಗಳಲ್ಲಿ ಎಷ್ಟು ಪಟ್ಟದ ಹೆಸರುಗಳು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹಲವು ಗುತ್ತು ಬೀಡುಗಳಲ್ಲಿ ಗಡಿ ಹಿಡಿಯುವಾಗ ಹುಟ್ಟಿದ ಹೆಸರನ್ನು ಬಿಟ್ಟು ಮನೆಯ ಪಟ್ಟದ ಹೆಸರನ್ನು ಧರಿಸುವ ಕ್ರಮವಿದೆ, ನೇಮದಲ್ಲಿ ದೈವವೂ ಅದೇ ಹೆಸರಿನಿಂದ ಕರೆಯುತ್ತದೆ. ಇದರಿಂದ ಎರಡು ರೀತಿಯ ತೊಡಕು ಹುಟ್ಟುತ್ತದೆ. ಒಂದೇ ಹೆಸರಿನ ಮೂವರನ್ನು ಒಬ್ಬನೆಂದು ಎಣಿಸಿ ಅವನಿಗೆ ನೂರಿಪ್ಪತ್ತು ವರ್ಷ ಆಯುಸ್ಸು ಕೊಟ್ಟುಬಿಡುತ್ತೇವೆ. ಅಥವಾ ಒಬ್ಬನ ಹುಟ್ಟುಹೆಸರು ಪತ್ರದಲ್ಲೂ ಪಟ್ಟದ ಹೆಸರು ಬಾಯಿಮಾತಿನಲ್ಲೂ ಸಿಕ್ಕಿ ಅವನನ್ನು ಇಬ್ಬರನ್ನಾಗಿ ಮಾಡುತ್ತೇವೆ.

ಮದಿಪಿನಲ್ಲಿ (ನೇಮದಲ್ಲಿ ನುಡಿಯುವ ಸಾಂಪ್ರದಾಯಿಕ ಮಾತಿನಲ್ಲಿ) ಹಿರಿಯರನ್ನು ನೆನೆಯುವ ಭಾಗವನ್ನು ಆಧಾರವಾಗಿ ಬಳಸಬಹುದು, ಎಚ್ಚರಿಕೆಯಿಂದ. ದೈವ ಈ ಮಣ್ಣಿಗೆ ಯಾವ ದಾರಿಯಲ್ಲಿ ಬಂತು, ಯಾರ ಬೆನ್ನು ಹಿಡಿದು ಬಂತು, ಮೊದಲು ಯಾರ ಚಾವಡಿಯಲ್ಲಿ ನೆಲೆಯಾಯಿತು ಎಂಬ ವಿವರಗಳಲ್ಲಿ ಕುಟುಂಬ ಬೇರೊಂದು ಕಡೆಯಿಂದ ಬಂದು ನೆಲೆಸಿದ ನೆನಪು ಉಳಿದಿರುವುದುಂಟು. ದೈವ ಘಟ್ಟ ಇಳಿದು ಬಂತೆಂದರೆ ಕುಟುಂಬವೂ ಘಟ್ಟದಿಂದಲೇ ಬಂತೆಂದು ಕೂಡಲೇ ತೀರ್ಮಾನಿಸಬೇಡಿ. ನಿಮ್ಮ ಮೂಲದ ಬಗ್ಗೆ ಸಂಶಯವಿದ್ದರೆ ಬಳಿಯನ್ನು (ಗೋತ್ರದಂಥ ಕುಲದ ಹೆಸರನ್ನು) ನೋಡಿ: ಅದು ತಾಯಿಯಿಂದ ಬರುವುದರಿಂದ ಮನೆ ಬದಲಾದರೂ ಅದು ಬದಲಾಗುವುದಿಲ್ಲ. ಅದೇ ಬಳಿಯ, ಅದೇ ದೈವವನ್ನು ನಂಬಿದ ಇನ್ನೊಂದು ಗುತ್ತು ಹತ್ತಿರದಲ್ಲಿದ್ದರೆ ಅದು ನಿಮ್ಮ ಮೂಲಮನೆಯೋ ನಿಮ್ಮಿಂದ ಹೋದ ಕವಲೋ ಆಗಿರುವ ಸಾಧ್ಯತೆ ಇದೆ. ಅಲ್ಲಿಯ ಸೂತಕವನ್ನು ನಿಮ್ಮಲ್ಲಿ ಆಚರಿಸುತ್ತಿದ್ದರೆ ಬಹುಮಟ್ಟಿಗೆ ಖಚಿತ.

ಕುಶಾಲನಗರದಿಂದ:

ನಮ್ಮ ಕೊಡಗಿನ ಐನ್‌ಮನೆಗಳ (ಮೂಲಮನೆಗಳ) ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ಒಕ್ಕ (ಮನೆತನ) ಗಂಡುಸಾಲಿನಲ್ಲಿ ನಡೆಯುತ್ತದೆ, ಹಿರಿಯ ಗಂಡಸು ಪಟ್ಟೆದಾರ. ಆದರೂ ಒಂದು ತೊಂದರೆ ಸಮಾನವಾಗಿದೆ. ಕೈಮಡದಲ್ಲಿ (ಹಿರಿಯರ ಗುಡಿಯಲ್ಲಿ) ಕಾರಣವರಿಗೆ, ಎಂದರೆ ಗತಿಸಿದ ಹಿರಿಯರಿಗೆ, ಎಡೆಯಿಟ್ಟು ಒಟ್ಟಾಗಿ ನೆನೆಯುವಾಗ ಯಾರು ಯಾರ ಮಗನೆಂಬುದು ಅಗತ್ಯವಾಗುವುದಿಲ್ಲ, ಬರೆಯಲು ಕುಳಿತಾಗ ಮಾತ್ರ ಅದು ಬೇಕಾಗುತ್ತದೆ. ಪುಸ್ತಿಕೆಯಲ್ಲಿ ಆಧಾರವಿರುವ ಕೊಂಡಿಗೆ ಗಟ್ಟಿ ಗೆರೆ, ಬಾಯಿಮಾತಿನ ಕೊಂಡಿಗೆ ಚುಕ್ಕಿಗೆರೆ ಹಾಕಿ. ಮುಂದಿನವರು ಯಾವುದನ್ನು ತಿದ್ದಬಹುದೆಂಬುದು ಅವರಿಗೆ ತಿಳಿಯುತ್ತದೆ.

ಪಡುಚಾವಡಿ:

ಎಲ್ಲರಿಗೂ ಕೃತಜ್ಞತೆಗಳು. ಹೆಂಚಿನ ಮುದ್ರೆಗಳನ್ನು ನೋಡಿಸಿದೆ: ಪೂರ್ವದ ಮಾಡಿನಲ್ಲಿ ಬಾಸೆಲ್ ಮಿಶನ್, ಉಪ್ಪರಿಗೆಯ ಮಾಡಿನಲ್ಲಿ ಬಹುಪಾಲು ಕಾಮನ್‌ವೆಲ್ತ್. ಉಪ್ಪರಿಗೆಯ ಎರಡು ತೊಲೆಗಳಲ್ಲಿ ಖಾಲಿ ಗುಳಿಗಳೂ ಇವೆ. ಇದು ಬಾಯಿಮಾತಿಗೆ ಹೊಂದುವುದಿಲ್ಲ. ಉಪ್ಪರಿಗೆ ನಾಲ್ಕನೆಯ ಅಥವಾ ಐದನೆಯ ಯಜಮಾನರ ಕಾಲದ್ದಿರಬೇಕೆಂದು ತೋರುತ್ತದೆ.

ವಂಶವೃಕ್ಷವನ್ನು ಹೆಂಗಸರ ಹೆಸರಿನಿಂದಲೇ ಆರಂಭಿಸುವುದಕ್ಕೆ ಹಿರಿಯರು ಒಪ್ಪಿದ್ದಾರೆ. ಯಜಮಾನರ ಹೆಸರುಗಳು ಅವರವರ ತಾಯಿಯ ಕೆಳಗೆ ಬರುತ್ತವೆ. ಗೇಣಿಯ ಅಧ್ಯಾಯದ ಬಗ್ಗೆ ಒಮ್ಮತವಾಗಿಲ್ಲ. ಮುಂಬೈಯಲ್ಲಿರುವವರು ಬೇಕೆನ್ನುತ್ತಾರೆ, ಊರಿನಲ್ಲಿರುವವರು ಬೇಡವೆನ್ನುತ್ತಾರೆ. ಒಕ್ಕಲು ಮನೆಗಳವರ ಮುಖ ದಿನವೂ ನೋಡಬೇಕಾದವರು ಊರಿನವರೇ ಆದ್ದರಿಂದ ಅವರ ಹಿಂಜರಿಕೆಯನ್ನು ತಳ್ಳಿಹಾಕಲಾರೆ. ಆ ಮನೆಗಳವರನ್ನೇ ಕೇಳಿ, ಅವರು ಒಪ್ಪುವ ರೀತಿಯಲ್ಲಿ ಬರೆಯಬೇಕೆಂದು ನನ್ನ ಮನಸ್ಸು. ಗೇಣಿ ಮೊಮ್ಮಗನವರು ಸೂಚಿಸಿದ ಎರಡು ಪುಟಗಳ ಕರಡನ್ನು ಅವರ ಕೈಗೇ ಮೊದಲು ಕೊಡುತ್ತೇನೆ.

ಇನ್ನೊಂದು ಪ್ರಶ್ನೆ ಕಪಾಟಿನವರಿಗೆ. ಸರ್, 1950ರ ದಶಕದಲ್ಲಿ ನಮ್ಮಲ್ಲಿ ಪಾಲಾದದ್ದು ಎಲ್ಲರಿಗೂ ಗೊತ್ತು. ಪತ್ರ ಮಾತ್ರ ಯಾರ ಬಳಿಯೂ ಇಲ್ಲ. ಪಡೆಯುವ ದಾರಿ ಯಾವುದು?

ಕಡತದ ಕಪಾಟು:

ವಿಭಾಗಪತ್ರ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಯ ಕಚೇರಿಯ 1ನೆಯ ಪುಸ್ತಕದಲ್ಲಿ ಅದರ ನಕಲಿರುತ್ತದೆ, ದೃಢೀಕೃತ ಪ್ರತಿಗೆ ಅರ್ಜಿ ಕೊಡಬಹುದು. ಇಸವಿ ಖಚಿತವಿಲ್ಲದಿದ್ದರೆ ಸೂಚಿಯನ್ನು ಹುಡುಕಿಸಬೇಕು. 1ನೆಯ ಸೂಚಿ ವ್ಯಕ್ತಿಗಳ ಹೆಸರಿನ ಕ್ರಮದಲ್ಲಿ, 2ನೆಯ ಸೂಚಿ ಜಮೀನಿನ ಕ್ರಮದಲ್ಲಿ ಇರುತ್ತದೆ. ನಿಮ್ಮಲ್ಲಿ ಪಟ್ಟದ ಹೆಸರಿನ ಗೊಂದಲ ಇರಬಹುದಾದ್ದರಿಂದ 2ನೆಯ ಸೂಚಿಯಿಂದ ಆರಂಭಿಸುವುದು ಮೇಲು. ಮನೆಯಿರುವ ಗ್ರಾಮದ ಹೆಸರು, ಹಳೆಯ ಅಡಂಗಲಿನಲ್ಲಿರುವ (ಗ್ರಾಮದ ಜಮೀನಿನ ದಾಖಲೆಯಲ್ಲಿರುವ) ಸರ್ವೆ ನಂಬರು, ಸಿಕ್ಕಿದರೆ ವರ್ಗದ (ಹಿಡುವಳಿಯ) ಹೆಸರು ಕೈಯಲ್ಲಿರಲಿ.

ಪಾಲು ನ್ಯಾಯಾಲಯದ ಮೂಲಕ ಆಗಿದ್ದರೆ ಡಿಕ್ರಿಯ ಪ್ರತಿಯನ್ನು ಆ ನ್ಯಾಯಾಲಯದ ದಾಖಲೆ ವಿಭಾಗದಲ್ಲಿ ಕೇಳಬೇಕು. ದಾವೆಯ ನಂಬರು ಬೇಕಾಗುತ್ತದೆ. ಅದು ಗೊತ್ತಿಲ್ಲದಿದ್ದರೆ ಜಮೀನಿನ ಖಾತೆ ಬದಲಾವಣೆಯ ಆದೇಶವನ್ನು ತಾಲೂಕು ಕಚೇರಿಯಲ್ಲಿ ನೋಡಿ, ಹೆಸರು ಬದಲಾಯಿಸಲು ಕಾರಣವೇನೆಂಬಲ್ಲಿ ಆ ನಂಬರನ್ನು ನಮೂದಿಸಿರುವುದುಂಟು. ಪತ್ರ ಸಿಕ್ಕಿದ ಮೇಲೆ ಷೆಡ್ಯೂಲಿನ ಕೊನೆಯ ಪುಟಗಳನ್ನು ಓದದೆ ಬಿಡಬೇಡಿ. ತರವಾಡು ಮನೆಯನ್ನೂ ದೈವದ ಭಂಡಾರವನ್ನೂ ಪಾಲಿಗೆ ಹಾಕದೆ ಎಲ್ಲ ಕವರುಗಳಿಗೂ ಸಾಮಾನ್ಯವಾಗಿ ಉಳಿಸಿಕೊಂಡಿದ್ದರೆ ಆ ಷರತ್ತು ಅಲ್ಲೇ ಇರುತ್ತದೆ. ಹಾಗಿದ್ದರೆ ಜೀರ್ಣೋದ್ಧಾರಕ್ಕೆ ಯಾವ ಯಾವ ಕವರಿನ ಒಪ್ಪಿಗೆ ಬೇಕೆಂಬುದೂ ಅದರಿಂದಲೇ ತಿಳಿಯುತ್ತದೆ. ಮಾಡು ಬಿಚ್ಚುವ ಮೊದಲೇ ಅದನ್ನು ತರಿಸಿಕೊಳ್ಳಿ.